ಮುಂಗಂಟು

ಬಿಳಿಗಲ್ಲು,
ಫೆಬ್ರವರಿ 30, 2151

ತೊಟ್ಟಿಲ ಧರಣಿಗೆ ಕೂತಿರುವ ಅಮ್ಮಂದಿರಿಗೆ ಇಂಚರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಅಕ್ಕಪಕ್ಕದ ತಿಂಗಳುಗಳಿಂದ ದಿನಗಳನ್ನು ಕಿತ್ತು ನಮ್ಮ ಕಾಲದವರು ಫೆಬ್ರವರಿಯನ್ನು ತುಂಬಿಸಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕ್ಷಮಿಸಿ. ಹೊಸದಾಗಿ ಮದುವೆಯಾದವರಿಗೆ ಇಲ್ಲಿ ಒಂದು ಹಿಂದಂಚೆ ಸಿಗುತ್ತದೆ, ಅಂದರೆ ಹಿಂದಿನ ಕಾಲದ ಯಾರಿಗಾದರೂ ಬರೆಯಬಹುದಾದ ಒಂದೇ ಒಂದು ಕಾಗದ. ಎಲ್ಲರೂ ಅದರಲ್ಲಿ ಆಶೀರ್ವಾದ ಕೇಳುತ್ತಾರೆ. ನಾನೂ ಕೇಳುವವಳಿದ್ದೆ, ಜೊತೆಗೆ ನನ್ನ ಗಂಡ ಸುಮುಖ ಎಷ್ಟು ಒಳ್ಳೆಯವನೆಂದು ಪುಟಗಟ್ಟಲೆ ಬರೆಯುವವಳಿದ್ದೆ. ಅಷ್ಟು ಖುಷಿಯಲ್ಲಿದ್ದೆ, ಹಲ್ಲುಜ್ಜುವಾಗಲೂ ನಗು ಬರುತ್ತಿತ್ತು. ಮೊನ್ನೆಯ ಸಭೆಯಾದ ಮೇಲೆ ಅದನ್ನೆಲ್ಲ ಬರೆಯಲು ನನಗೆ ಮುಖವಿಲ್ಲ.

ನೀವು ಗೆದ್ದಿರಿ, ಅದನ್ನು ಮೊದಲು ಹೇಳಿಬಿಡಬೇಕು. ಕಾರ್ಖಾನೆಯ ಗೇಟಿಗೆ ನೀವು ಕಟ್ಟಿದ ಸೀರೆ ತೊಟ್ಟಿಲುಗಳ ಮುಂದೆ ಲಾಠಿ ಎತ್ತಲು ಯಾರಿಗೂ ಕೈ ಬರಲಿಲ್ಲ. ಹೊಗೆ ನಿಂತಿತು. ನಮ್ಮ ಮಕ್ಕಳು ಅಂಗಳದಲ್ಲಿ ಮಲಗಿ ಎದ್ದರೆ ಹೊದಿಕೆಯ ಮೇಲೆ ಮಸಿ ಇರುವುದಿಲ್ಲ. ಈಗ ಊರನ್ನು ನಡೆಸುವುದೇ ತೊಟ್ಟಿಲ ಸಭೆ. ನೀರು ಯಾವಾಗ ಬಿಡಬೇಕು, ಯಾವ ಕಟ್ಟಡ ಯಾರಿಗೆ, ಎಲ್ಲ ಅಲ್ಲೇ ತೀರ್ಮಾನ. ಸಭೆಯ ನಡುವೆ ತೊಟ್ಟಿಲ ಹಗ್ಗವೊಂದು ಇಳಿಬಿದ್ದಿರುತ್ತದೆ. ಅದನ್ನು ಹಿಡಿದವಳು ಮಾತಾಡಬಹುದು, ಅವಳು ಹೆಸರು ಕರೆದವರೂ ಮಾತಾಡಬಹುದು. ಹಿಡಿಯಬೇಕಾದರೆ ಹೆತ್ತಿರಬೇಕು. ಮದುವಣಗಿತ್ತಿಗೆ ಮಾತ್ರ ಮುಂಗಂಟು ಕಟ್ಟುತ್ತಾರೆ: ಮುಂದೆ ಹೆರುತ್ತಾಳೆಂಬ ನಂಬಿಕೆಯ ಮೇಲೆ ಮಣಿಕಟ್ಟಿಗೊಂದು ಹಳದಿ ನೂಲು. ಅತ್ತೆ ಅದನ್ನು ಕಟ್ಟಿದಾಗ ಬಳೆಗಳಿಗಿಂತ ಅದನ್ನೇ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ನನ್ನ ತಾಯಿಯ ತಂಗಿ ವಾರಿಜ ಚಿಕ್ಕಮ್ಮನಿಗೆ ನೂಲಿಲ್ಲ. ಬಸ್ಸು ರಿಪೇರಿ ಮಾಡುತ್ತಾಳೆ, ಮದುವೆ ಬೇಡವೆಂದಳು, ಮಕ್ಕಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಒಂಟಿಮನೆಯಲ್ಲಿದ್ದಾಳೆ. ಅವಳಂಥವರು, ಗಂಡನನ್ನು ಬಿಟ್ಟು ಬಂದವರು, ಹೆರದವರು ಇರುವ ಮನೆ ಅದು. ಸಭೆ ಅದನ್ನು ಖಾಲಿ ಮಾಡಿಸಿ, ಊರಿನ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಮಾಡಲು ಹೊರಟಿತ್ತು. ನೀನು ಹಗ್ಗ ಹಿಡಿದು ನನ್ನ ಹೆಸರು ಕರೆ, ಉಳಿದದ್ದು ನಾನು ಮಾತಾಡುತ್ತೇನೆ ಎಂದು ಚಿಕ್ಕಮ್ಮ ಕೇಳಿಕೊಂಡಳು. "ನನ್ನ ಮನೆ ನನಗೆ ಬೇಕು ಅನ್ನೋಕೆ ಹೊಟ್ಟೆ ಬಾಡಿಗೆಗೆ ತರಲೇನೇ?" ಎಂದಳು. ಇಬ್ಬರೂ ನಕ್ಕೆವು. ನಾನು ಮಾತು ಕೊಟ್ಟೆ.

ಮೊನ್ನೆ ಹಗ್ಗ ಹಿಡಿದೆ. ಮುಂದಿನ ಸಾಲಿನಲ್ಲಿ ಅತ್ತೆ ಮುಖ ಅರಳಿಸಿ ಕೂತಿದ್ದರು, ಹಿಂದಿನಿಂದ ಸುಮುಖ ಕೈ ಬೀಸಿದ. ಹೊಸಿಲಾಚೆ ಚಿಕ್ಕಮ್ಮ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಸಿದ್ಧವಾಗಿ ನಿಂತಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಪ್ರೀತಿಯಿಂದ. ನನ್ನ ಬಾಯಿಂದ ಬಂದದ್ದು ಇದು: "ನಾಳೆಯ ತಾಯಿಯಾಗಿ, ಕೂಸಿನ ಮನೆಗೆ ನನ್ನ ಒಪ್ಪಿಗೆ." ಚಪ್ಪಾಳೆ ಬಿತ್ತು.

ಚಿಕ್ಕಮ್ಮ ಬೈಯಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಸಾಮಾನು ತುಂಬಲು ಮದುವೆ ಉಡುಗೊರೆಗಳ ಖಾಲಿ ರಟ್ಟಿನ ಡಬ್ಬಗಳನ್ನು ಕೇಳಿ ತೆಗೆದುಕೊಂಡಳು. ಹೋಗುವಾಗ ನನ್ನ ಕೈ ನೋಡಿ, "ನೂಲು ಚೆನ್ನಾಗಿದೆ ಕಣೇ" ಎಂದಳು.

ಸಭೆಯ ಗೋಡೆಯ ಮೇಲೆ ನಿಮ್ಮ ಫೋಟೋ ಇದೆ. ಅಂಚಿನಲ್ಲಿ ಯಾರದೋ ಮೊಣಕೈ ಮಾತ್ರ ಕಾಣುತ್ತದೆ. ಗೇಟು ಹತ್ತಿ ಮೊದಲ ತೊಟ್ಟಿಲು ಕಟ್ಟಿದವಳದ್ದು ಅದು. ಅವಳು ಯಾರ ತಾಯಿಯೂ ಅಲ್ಲ, ಹೆಂಗಸರ ಹಕ್ಕಿನ ಮಾತಾಡುತ್ತಿದ್ದವಳು. ಪತ್ರಿಕೆಯವರು ಬಂದಾಗ ನೀವು ಅವಳಿಗೆ ಸ್ವಲ್ಪ ಸರಿಯಲು ಹೇಳಿ, ನಾವು ಸ್ತ್ರೀವಾದಿಗಳಲ್ಲ, ಬರೀ ತಾಯಂದಿರು ಎಂದಿರಂತೆ. ಆ ವಾಕ್ಯವನ್ನು ನಾವು ಶಾಲೆಯಲ್ಲಿ ಪ್ರಾರ್ಥನೆಯ ಹಾಗೆ ಹೇಳುತ್ತಿದ್ದೆವು. ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ಹಾಗೆಂದದ್ದಕ್ಕೇ ನಿಮ್ಮ ಮಾತಿಗೆ ಕಿವಿಗೊಟ್ಟರು. ನಾನೂ ಚಪ್ಪಾಳೆ ಸಿಗುವ ಮಾತನ್ನೇ ಆಡಿದೆ.

ಈ ಕಾಗದ ಸಿಗುವ ದಿನವೇ ಆ ಪತ್ರಿಕೆಯವರು ಕ್ಯಾಮೆರಾ ಹಿಡಿದು ಬರುತ್ತಾರೆ. ದಯವಿಟ್ಟು ಅವಳ ಮೊಣಕೈ ಹಿಡಿದು ನಡುವೆ ಎಳೆದುಕೊಳ್ಳಿ. ಆಶೀರ್ವಾದವನ್ನೂ ಕೇಳುತ್ತೇನೆ. ಒಂಟಿಮನೆಗೆ ಬೀಗ ಬೀಳುವ ಮೊದಲು ಇನ್ನೊಂದು ಸಭೆ ಇದೆ. ಅತ್ತೆಯ ಮುಖ ನೋಡಿಕೊಂಡೇ ನಾನು ಚಿಕ್ಕಮ್ಮನ ಹೆಸರು ಕರೆಯುವಂತಾಗಲಿ ಎಂದು ಹರಸಿ.

ನಿಮ್ಮ,
ಇಂಚರ