ನಲವತ್ತೆಂಟರ ಗುಡ್ಡ

ಫೆಬ್ರುವರಿ 3, ಸೋಮವಾರ

ಹೋದ ವರ್ಷ ಆಗಸ್ಟ್ 19, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಗರಸಭೆಯ ಶಬ್ದ ತಪಾಸಣಾಧಿಕಾರಿ ಅಕ್ಕನ ಕೋಣೆಯ ನಟ್ಟನಡುವೆ ನಿಂತು, ಕೈಯಲ್ಲಿದ್ದ ಮೀಟರನ್ನು ಎರಡು ನಿಮಿಷ ನೋಡಿ, 'ಸದ್ದು ಮಿತಿಯೊಳಗಿದೆ. ದೂರು ವಯೋಸಹಜ ಭ್ರಮೆ' ಎಂದು ಬರೆದರು. ಹಿತ್ತಲ ಗೋಡೆಯಾಚೆ ಶೀತಲಗೃಹ ಶುರುವಾಗಿ ಆಗ ಎರಡು ತಿಂಗಳು; ಅಂದಿನಿಂದ ಹಗಲೂ ರಾತ್ರಿ ಗುಂಯ್‌ಗುಡುತ್ತದೆ ಎಂಬುದು ಅಕ್ಕನ ದೂರು. ಇಂದು ಫ್ಯೂಸ್ ಹುಡುಕುವಾಗ ಆ ಕಾಗದ ಕೈಗೆ ಸಿಕ್ಕಿತು. ಮತ್ತೆ ಮೈ ಉರಿಯಿತು. ಸದ್ದು ಇಲ್ಲ — ಸರಿ, ನನಗೂ ಕೇಳಿಸಿಲ್ಲ. ಆದರೆ ಭ್ರಮೆ ಎನ್ನಲು ಇವರಿಗೆ ವೈದ್ಯ ಪದವಿ ಕೊಟ್ಟವರು ಯಾರು? ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಊರಿನವರ ಮಾತನ್ನೆಲ್ಲ ಜೋಡಿಸಿದವಳು ಅಕ್ಕ.

ಶೀತಲಗೃಹದ ಜಾಗ ವಾಚನಾಲಯಕ್ಕೆ ಮೀಸಲಾಗಿತ್ತು. ಬೋರ್ಡು ನೆಟ್ಟಾಗ ನಾನು ಒಂಬತ್ತನೇ ಕ್ಲಾಸು. ಬೋರ್ಡಿಗೆ ಮೂರು ಸಲ ಬಣ್ಣ ಬಳಿದರು, ಕಟ್ಟಡಕ್ಕೆ ಒಂದು ಇಟ್ಟಿಗೆ ಇಡಲಿಲ್ಲ. ಈಗ ಅಲ್ಲಿ ಪುಸ್ತಕದ ಬದಲು ಆಲೂಗಡ್ಡೆ ತಣ್ಣಗೆ ಮಲಗಿವೆ. ಓದುಗರಿಗಿಂತ ಅವೇ ವಾಸಿ ಅನ್ನಿಸಿರಬೇಕು. ಪ್ರಶ್ನೆ ಕೇಳುವುದಿಲ್ಲ.

ಕೆಲಸ: ದಂತವೈದ್ಯರ ಕಾರಿನ ಸ್ಟೀರಿಯೋ ಹದಗೊಳಿಸುವುದು. ಎರಡನೇ ಸಲ ವಾಪಸ್ ಬಂದಿದೆ. ಶೆಡ್ಡಿಗೆ ತಂದೆ. ಡ್ರೈವರ್ ಸೀಟಿನಲ್ಲಿ ತಲೆ ಇರುವ ಕಡೆ ಅಳತೆಯ ಮೈಕು. ಬಾಗಿಲು ಮುಚ್ಚಿ, ಹೊರಗೆ ಲ್ಯಾಪ್‌ಟಾಪ್. ಸ್ಪೀಕರಿಗೆ ಪಿಂಕ್ ನಾಯ್ಸ್ — ಜಲಪಾತದಂಥ ಸದ್ದು, ಆಳದಿಂದ ಕೀರಲಿನವರೆಗೆ ಎಲ್ಲ ಸ್ವರವೂ ಅದರಲ್ಲಿ. ಸಣ್ಣಗೆ ಇಟ್ಟಿದ್ದೆ, ಅಕ್ಕನಿಗೆ ತೊಂದರೆಯಾಗದಿರಲಿ ಎಂದು. ಶೆಡ್ಡಿಗೂ ಅವಳ ಕೋಣೆಗೂ ಒಂದೇ ಗೋಡೆ. ಪರದೆಯ ಗೆರೆಯಲ್ಲಿ ಗುಡ್ಡ ಎದ್ದ ಕಡೆ, ಅಂದರೆ ಒಂದು ಸ್ವರ ಅತಿಯಾದ ಕಡೆ, ಪ್ರೊಸೆಸರಿನಲ್ಲಿ ಕೆತ್ತಿ ತಗ್ಗಿಸಬೇಕು, ಅಷ್ಟೇ ವಿದ್ಯೆ. ಗುಡ್ಡ ಮತ್ತೆ ಅಲ್ಲೇ. ನಲವತ್ತೆಂಟು ಹರ್ಟ್ಜ್. ಹೋದ ಸಲ ಏಳು ಡೆಸಿಬೆಲ್ ಕೆತ್ತಿದ್ದೆ. ಇಂದು ಇನ್ನೂ ಐದು ಕೆತ್ತಿದೆ. ಜಗ್ಗಲಿಲ್ಲ. ಬಾಗಿಲಿನ ತಗಡು ಅದುರುತ್ತಿರಬೇಕು...

ಈಚೆಗೆ ಬಂದ ಕಾರುಗಳಿಗೆಲ್ಲ ಇದೇ ರೋಗ. ಕಂಪನಿಗಳು ತಗಡು ತೆಳುವಾಗಿಸುತ್ತಿವೆ. ಎಲ್ಲ ಕಡೆ ಕಳ್ಳತನ.

ಫೆಬ್ರುವರಿ 5, ಬುಧವಾರ

ದಂತವೈದ್ಯರು ಕಾರು ಒಯ್ದವರು ಒಂದು ಗಂಟೆಯೊಳಗೆ ತಿರುಗಿ ಬಂದರು. ಕೀಲಿ ಮೇಜಿನ ಮೇಲಿಟ್ಟರು. ಕೂರಲಿಲ್ಲ.

"ಮೊದಲಿಗಿಂತ ಮೋಸ ಆಗಿದೆಯಲ್ರೀ. ಬೇಸ್ ಗಿಟಾರ್ ನುಡಿಸೋನು ನಡುನಡುವೆ ಎದ್ದು ಹೊರಗೆ ಹೋಗಿಬರ್ತಾನೆ."

"ಅಲ್ಲಿ ಗುಡ್ಡ ಇತ್ತು, ಡಾಕ್ಟ್ರೇ. ಅಳತೇಲಿ ಕಾಣ್ತಿದೆ."

"ನಾನು ಎಕ್ಸ್‌ರೇ ಓದೋನು, ಪರದೆ ನನಗೆ ತೋರಿಸ್ಬೇಡಿ. ನೋವಿಲ್ಲ, ಹುಳುಕಿಲ್ಲ, ಗಟ್ಟಿಮುಟ್ಟಾದ ಹಲ್ಲು ಕಿತ್ತುಬಿಟ್ಟಿದ್ದೀರಿ ನೀವು. ಬಾಯಿ ತೆರೆದರೆ ಅಲ್ಲೊಂದು ಸಂದು."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ರೇಡಿಯೋ ಕೇಂದ್ರದ ಇಪ್ಪತ್ತು ವರ್ಷ, ಈ ಶೆಡ್ಡಿನ ಹದಿನಾಲ್ಕು ವರ್ಷ — ಕಿವಿಯ ವಿಷಯದಲ್ಲಿ ಹಲ್ಲಿನವನ ಕೈಲಿ ಪಾಠ.

ಮಧ್ಯಾಹ್ನ ಕೊರಿಯರಿನವನು ಬಾಗಿಲಲ್ಲಿ ನಿಂತು ಆರು ಸಲ ಗಂಟೆ ಒತ್ತಿದನಂತೆ. ಅಕ್ಕ ಹಾಲ್‌ನಲ್ಲೇ ಕೂತಿದ್ದಳು, ಏಳಲಿಲ್ಲ. ನಾನೇ ಶೆಡ್ಡಿನಿಂದ ಓಡಿದೆ.

"ಕೇಳಿಸ್ಲಿಲ್ವಾ ಅಕ್ಕ?"

"ಕೇಳಿಸ್ತು."

"ಮತ್ತೆ?"

"ನಿಜವಾದ್ದೋ, ನನ್ನದೋ ಅಂತ ಯೋಚಿಸ್ತಿದ್ದೆ."

ಅಕ್ಕನಿಗೆ ಮಾತ್ರೆ ಶುರುವಾಗಿ ಐದು ತಿಂಗಳು. ಅಧಿಕಾರಿಯ ಕಾಗದ ನೋಡಿಯೇ ಒಬ್ಬ ನರರೋಗ ತಜ್ಞರು ಬರೆದುಕೊಟ್ಟದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಗುಂಯ್‌ಗುಡುವುದು ನಿಂತಿದೆಯೇ ಎಂದರೆ "ನಿಂತಿದೆ" ಎನ್ನುತ್ತಾಳೆ. ಒಳ್ಳೆಯದಾಯಿತಲ್ಲ ಎಂದುಕೊಂಡಿದ್ದೆ.

ಫೆಬ್ರುವರಿ 6, ಗುರುವಾರ, ಬೆಳಿಗ್ಗೆ 11.40

ಇದನ್ನು ಈಗಲೇ ಬರೆಯಬೇಕು.

ದಂತವೈದ್ಯರ ಕಾರನ್ನು ಮೊದಲಿನಿಂದ ಅಳೆಯಲು ಕೂತೆ. ಮೈಕು ಇಟ್ಟೆ. ಅಳತೆ ಒತ್ತಿದೆ. ಗೆರೆ ಮೂಡಿತು, ವಿಚಿತ್ರವಾಗಿ: ಎಲ್ಲೆಡೆ ನೆಲಕಚ್ಚಿದೆ, ನಲವತ್ತೆಂಟರಲ್ಲಿ ಮಾತ್ರ ಗುಡ್ಡ. ಒಂಟಿಯಾಗಿ, ಬಯಲಿನ ನಡುವೆ. ಪಿಂಕ್ ನಾಯ್ಸ್ ಇನ್ನೂ ಹಾಕಿಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಆಂಪ್ಲಿಫೈಯರ್ ಬಂದ್ ಮಾಡಿದೆ. ಗುಡ್ಡ ಇದೆ. ಬ್ಯಾಟರಿಯ ತಂತಿ ಕಿತ್ತೆ. ಗುಡ್ಡ ಇದೆ. ಮೈಕನ್ನು ಕಾರಿನಿಂದ ತೆಗೆದು ಹಿಂದಿನ ಗೋಡೆಯ ಹತ್ತಿರ ಹಿಡಿದೆ. ಬೆಳೆಯಿತು.

ಕಾರಿನದಲ್ಲ. ಯಾವ ಕಾರಿನದೂ ಅಲ್ಲ.

ಅಳೆಯುವ ಮುಂಚೆ ಎಲ್ಲ ಬಂದ್ ಮಾಡಿ ಮೌನವನ್ನು ಅಳೆ. ರೇಡಿಯೋದಲ್ಲಿ ಹೊಸಬರಿಗೆ ಮೊದಲ ದಿನ ನಾನೇ ಹೇಳಿಕೊಡುತ್ತಿದ್ದ ಪಾಠ. ಶೆಡ್ಡಿನಲ್ಲಿ ಅದನ್ನು ಬಿಟ್ಟು ಎಷ್ಟು ವರ್ಷವಾಯಿತೋ. ಜೊತೆಗೆ, ಅಕ್ಕನ ಮೇಲಿನ ಕರುಣೆಯಿಂದ ಪಿಂಕ್ ನಾಯ್ಸನ್ನು ತಗ್ಗಿಸಿದೆ. ನಾನು ತಗ್ಗಿಸಿದಷ್ಟೂ ಶೀತಲಗೃಹದ ಸದ್ದು ಗೆರೆಯ ಮೇಲೆದ್ದಿತು. ಜೂನಿನಿಂದ ಹದಿನೇಳು ಕಾರು. ಹದಿನೇಳರಲ್ಲೂ ಒಂದೇ ಸ್ವರವನ್ನು ಕಿತ್ತು ಕಳಿಸಿದ್ದೇನೆ, ಅವಳು ಕೇಳಿಸುತ್ತಿದೆ ಎಂದ ಅದೇ ಸ್ವರ.

ಅದೇ ದಿನ, ಮಧ್ಯಾಹ್ನ 1

ಅಕ್ಕನ ಕೋಣೆ. ಹನ್ನೆರಡು ಅಡಿಗೆ ಹನ್ನೆರಡು. ನಡುವೆ, ಅಧಿಕಾರಿ ನಿಂತಿದ್ದಲ್ಲಿ, ಐವತ್ತೆರಡು ಡೆಸಿಬೆಲ್. ಮೂಲೆಯಲ್ಲಿ, ಅವಳ ದಿಂಬಿನ ಮೇಲೆ, ಎಪ್ಪತ್ತೊಂದು. ಅಷ್ಟು ಆಳದ ಸ್ವರ ಆ ಅಗಲದ ಕೋಣೆಯಲ್ಲಿ ಗೋಡೆಗಳ ಬಳಿ ಉಬ್ಬುತ್ತದೆ, ನಡುವೆ ಸಾಯುತ್ತದೆ. ಅವರ ಮೀಟರಾದರೋ ಆಳದ ಸದ್ದಿನಲ್ಲಿ ಮೂವತ್ತು ಡೆಸಿಬೆಲ್ ಕಳೆದು ತೋರಿಸುವ ಮಾಪನಕ್ಕೆ ಇಟ್ಟದ್ದು. ಹಿಂದೆ ಅರಸನ ಮೊಳವೇ ಊರಿನ ಅಳತೆಯಾಗಿತ್ತೆಂದು ಓದಿದ್ದೇನೆ. ಅರಸ ಗಿಡ್ಡನಾದರೆ ಬಟ್ಟೆಯೂ ಗಿಡ್ಡ. ಏನೂ ಬದಲಾಗಿಲ್ಲ.

ಮೈಕು ತೆಗೆದು ನಾನೇ ದಿಂಬಿಗೆ ತಲೆ ಕೊಟ್ಟೆ. ಮೊದಲನೇ ಸಲ. ಕಿವಿಗಿಂತ ಮೊದಲು ಹಲ್ಲುಗಳಿಗೆ ತಿಳಿಯಿತು. ಲಾರಿಯೊಂದು ಮನೆಮುಂದೆ ನಿಂತು ಹೋಗದೇ ಇದ್ದಂತೆ. ಎಂಟು ತಿಂಗಳು.

ಲ್ಯಾಪ್‌ಟಾಪ್ ತಿರುಗಿಸಿ ಅವಳಿಗೆ ತೋರಿಸಿದೆ.

"ಅಕ್ಕ, ಇದೆ. ನೀನು ಹೇಳಿದ್ದು ಇದೆ. ನೋಡು."

ಕನ್ನಡಕ ಹಾಕಿಕೊಂಡು ನೋಡಿದಳು.

"ಇದರಲ್ಲಿ ಕಂಡರೆ ಇದೆ ಅಂತೀಯ. ನಾನು ಹೇಳಿದಾಗ ಇರ್ಲಿಲ್ವೇನೋ?"

"ತಪ್ಪಾಯ್ತು."

"ನಿನಗೂ ಒಂದು ಮಾತ್ರೆ ಕೊಡಿಸ್ಲಾ? ಅದೇ ಡಾಕ್ಟ್ರು. ಬೇಗ ವಾಸಿ ಮಾಡ್ತಾರೆ."

ಅದೊಂದೇ ತಮಾಷೆ. ಕನ್ನಡಕ ತೆಗೆದು ಮಡಿಸಿದಳು. "ಈಗ ಆ ಸದ್ದು ಇದೆಯಾ? ಈ ಕ್ಷಣ?" ಎಂದು ಕೇಳಿದಳು. ಇದೆ ಎಂದೆ. ತಲೆಯಾಡಿಸಿದಳು, ಪರವೂರಿನ ದಾರಿ ಕೇಳಿ ತಿಳಿದುಕೊಂಡವಳಂತೆ.

ಫೆಬ್ರುವರಿ 24, ಸೋಮವಾರ

ನಗರಸಭೆಗೆ ಐದನೇ ಸಲ. ಅಕ್ಕನ ಮಂಚವನ್ನು ನನ್ನ ಕೋಣೆಗೆ ಬದಲಾಯಿಸಿದ್ದೇನೆ. ಅವಳು ಅಲ್ಲಿ, ನಾನು ಅವಳ ಕೋಣೆಯ ಆ ಮೂಲೆಯಲ್ಲಿ. ಹದಿನೇಳರಲ್ಲಿ ಹನ್ನೊಂದು ಕಾರನ್ನು ವಾಪಸ್ ಕರೆಸಿ, ಶೆಡ್ಡಿನಿಂದ ದೂರ ಮೈದಾನದಲ್ಲಿ ನಿಲ್ಲಿಸಿ ಮತ್ತೆ ಅಳೆದೆ. ಕಾರು ಸರಿಮಾಡುವುದು ಸುಲಭ.

ಅಧಿಕಾರಿ ಇಂದು ಸಿಕ್ಕರು. ಗೆರೆಗಳ ಪ್ರಿಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಕಾರಿನ ಮೈಕಲ್ವಾ ಸಾರ್?"

"ಮೈಕಿಗೆ ಕಾರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಸದ್ದು ಗೊತ್ತು."

"ಮಾನ್ಯತೆ ಪಡೆದ ಉಪಕರಣ ಬೇಕಾಗುತ್ತೆ."

"ತನ್ನಿ ನಿಮ್ಮದನ್ನ. ಅಕ್ಕನ ದಿಂಬಿನ ಮೇಲೆ ಇಡಿ, ಪೂರ್ತಿ ಮಾಪನಕ್ಕೆ ತಿರುಗಿಸಿ."

"ಕೋಣೆ ಮಧ್ಯೆ ಅಳೀಬೇಕು ಅಂತ ನಿಯಮ."

"ಮನುಷ್ಯರು ಮೂಲೇಲಿ ಮಲಗ್ತಾರೆ ಸ್ವಾಮಿ, ನಿಯಮಗಳು ಮಧ್ಯದಲ್ಲಿ ಮಲಗ್ತವೆ."

ಪಕ್ಕದ ಮೇಜಿನ ಗುಮಾಸ್ತೆ ಕಿಸಕ್ಕೆಂದಳು. ಅಧಿಕಾರಿಯ ಮುಖ ಗಟ್ಟಿಯಾಯಿತು. ಫೈಲು ತೆರೆದು ನನ್ನೆಡೆಗೆ ತಳ್ಳಿದರು. "ನಾನೊಬ್ಬನೇ ಬರೆದಿದ್ದಲ್ಲ. ಕೆಳಗೆ ಸಾಕ್ಷಿ ಸಹಿ ಯಾರದ್ದು, ಓದಿ."

ಓದಬೇಕಿರಲಿಲ್ಲ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದರೂ ಇಲ್ಲಿ ಅದನ್ನು ಬರೆಯದೆ ಮುಚ್ಚಿಟ್ಟಿದ್ದೆ. ವಾಚನಾಲಯದ ಬೋರ್ಡಿನ ಬಣ್ಣ ನೆನಪಿಟ್ಟವನು ನನ್ನ ಸಹಿಯನ್ನು ಬಿಟ್ಟೆ. ಅಂದು ಅವರು, "ನೀವು ಸೌಂಡ್ ಎಂಜಿನಿಯರಂತೆ, ನಿಮಗೇನನ್ಸುತ್ತೆ?" ಎಂದಿದ್ದರು. ಆ ಪದ ಹಿತವಾಯಿತು. "ಏನಿಲ್ಲ ಸಾರ್, ವಯಸ್ಸು" ಎಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಪೆನ್ನು ಕೊಟ್ಟದ್ದೂ ಅವಳೇ.

ಮಾರ್ಚ್ 18, ಮಂಗಳವಾರ

ಪತ್ರ ಬಂತು. 'ಶೀತಲಗೃಹದ ಆಡಳಿತವು ಸ್ವಯಂಪ್ರೇರಣೆಯಿಂದ ಫ್ಯಾನುಗಳಡಿ ರಬ್ಬರ್ ಅಳವಡಿಸಲು ಒಪ್ಪಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.'

ಇಲ್ಲದ ಸದ್ದಿಗೆ ರಬ್ಬರ್! ಆಗಸ್ಟಿನ ವರದಿಯ ಬಗ್ಗೆ ಒಂದಕ್ಷರ ಇಲ್ಲ. ಅದು ಫೈಲಿನಲ್ಲಿ ಹಾಗೇ ಇರುತ್ತದೆ — ಭ್ರಮೆ.

ಮಾರ್ಚ್ 29, ಶನಿವಾರ

ರಬ್ಬರ್ ಹಾಕಿದರು. ಮೂಲೆಯಲ್ಲಿ ಈಗ ನಲವತ್ತೊಂಬತ್ತು. ಮೈಕಿಗೆ ಮಾತ್ರ ಗೊತ್ತಾಗುವಷ್ಟು. ದಂತವೈದ್ಯರು ಬೇರೆ ತಜ್ಞರನ್ನು ತೋರಿಸಿದರು, ಮಾತ್ರೆ ಇಳಿಸುತ್ತಿದ್ದಾರೆ. ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ ಪಕ್ಕದ ಮನೆಯವರು.

ಬೆಳಿಗ್ಗೆ ಕುಕ್ಕರ್ ಕೂಗಿತು. ಅಕ್ಕ ಒಲೆಯ ಮುಂದೆಯೇ ನಿಂತಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಕೂಗಿತು ಎಂದು ನಾನು ತಲೆಯಾಡಿಸಿದ ಮೇಲೆ ಒಲೆ ಆರಿಸಿದಳು.

ಏಪ್ರಿಲ್ 9, ಬುಧವಾರ

ನಾಳೆ ನಗರಸಭೆಯ ಬಹಿರಂಗ ಅಹವಾಲು ಸಭೆ. ತಲಾ ಮೂರು ನಿಮಿಷ. ಅಧಿಕಾರಿ ಫೋನ್ ಮಾಡಿದ್ದರು.

"ಸದ್ದೇ ನಿಂತ ಮೇಲೆ ಇನ್ನೇನು ಸಾರ್? ನಮ್ಮ ಚೇಂಬರಿಗೆ ಬನ್ನಿ, ಕೂತು ಮಾತಾಡೋಣ. ಬೇಕಾದ್ರೆ ಸಾರಿ ಹೇಳ್ತೀನಿ."

"ಭ್ರಮೆ ಅಂತ ಚೇಂಬರಿನಲ್ಲಿ ಬರೆದ್ರಾ? ಕೇರಿಗೆಲ್ಲ ಗೊತ್ತಾಗೋ ಹಾಗೆ ಬರೆದ್ರಿ."

"ನಿಮ್ಮ ಸಹಿನೂ ಓದ್ತಾರೆ ನೋಡಿ ಮತ್ತೆ."

"ಓದಲಿ."

ಅಕ್ಕನನ್ನು ಬಾ ಎಂದೆ. ಮೊದಲು ಬೇಡವೆಂದಳು. ಆಮೇಲೆ, ಸೀರೆ ಮಡಿಸುತ್ತ: "ಬರ್ತೀನಿ. ಆದ್ರೆ ಅವರು ಹೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸು. ಕಿವೀಲಿ ಕೇಳಿದ್ದನ್ನ ನಾನು ನಂಬಲ್ಲ."

ನಾಳೆ ಓದುವುದನ್ನು ಇಲ್ಲೇ ಬರೆದುಕೊಳ್ಳುತ್ತೇನೆ —

ಅಧ್ಯಕ್ಷರೇ, ಪರಿಹಾರ ಕೇಳಲು ಬಂದಿಲ್ಲ. ಆಗಸ್ಟ್ 19ರ ವರದಿಗೆ ಸಾಕ್ಷಿ ಹಾಕಿದವನು ನಾನು. ಅಂದು ಆ ದಿಂಬಿಗೆ ತಲೆ ಕೊಟ್ಟು ಕೇಳದೆ ಸಹಿ ಮಾಡಿದೆ. ಅದು ಸುಳ್ಳು ಸಾಕ್ಷಿ. ಎಲ್ಲರೆದುರು ಒಪ್ಪಿದ್ದೇನೆ, ಬರೆದುಕೊಳ್ಳಿ. ನನ್ನ ಸರದಿ ಮುಗಿಯಿತು. ಈಗ ನಿಮ್ಮ ಅಧಿಕಾರಿಯದು. ಮುಂದಿನ ಸಾಲಿನಲ್ಲಿ ಕೂತಿರುವ ಈ ಹೆಂಗಸಿನ ಮುಖ ನೋಡಿ ಅವರು ಹೇಳಬೇಕು, ಚೇಂಬರಿನಲ್ಲಲ್ಲ, ಇಲ್ಲಿ: ಅಂದು ಆ ಕೋಣೆಯಲ್ಲಿ ಸದ್ದು ಇತ್ತೋ, ಇರಲಿಲ್ಲವೋ? ನಿಯಮ ಬೇಡ, ರಬ್ಬರ್ ಬೇಡ. ಇತ್ತು ಅಥವಾ ಇರಲಿಲ್ಲ. ಒಂದೇ ಮಾತು. ಹೇಳುವವರೆಗೆ ನಾನು ಈ ಮೈಕು ಬಿಟ್ಟು ಕದಲುವುದಿಲ್ಲ.