ಹದಿನೆಂಟು ಮೊಳದ ಹಳದಿ

ಝಳಕಿ,
೧೪ ಏಪ್ರಿಲ್ ೨೦೦೧

ಚಿರಂಜೀವಿ ಸಂಕರ್ಷಣನಿಗೆ,

ಕೂಡಲೇ ಹೊರಟು ಬಾ. ನಿನ್ನ ಅಪ್ಪನನ್ನು ಇಂಡಿ ಠಾಣೆಯ ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ.

ಸುಳ್ಳು. ನನ್ನನ್ನು ಒಯ್ದರೂ ಸಂಜೆಯೊಳಗೆ ತಾವೇ ರಿಕ್ಷಾ ಮಾಡಿ ತಂದು ಬಿಟ್ಟಾರು. ನನ್ನ ಪತ್ರದ ಮೊದಲ ಸಾಲು ಓದಿ ಮಡಚಿಡುತ್ತೀ ಎಂದು ಸೊಸೆ ಮುಕ್ತಾ ಹೇಳಿದಳು. ಅದಕ್ಕೇ ಈ ಉಪಾಯ. ನಿನ್ನ ಬೆನ್ನುನೋವು ಹೇಗಿದೆ? ಪುಣೆಯ ಆ ಗಾಲ್ಫ್ ಮೈದಾನದಲ್ಲಿ ದಿನವಿಡೀ ಬಗ್ಗಿ ಹುಲ್ಲು ನೋಡಬೇಡ. ದನ ಕೂಡ ನಡುನಡುವೆ ತಲೆ ಎತ್ತುತ್ತದೆ.

ನೀನು ಕಳಿಸಿದ ಫೋಟೋ ಬಂತು. ನಮ್ಮ ಹೊಲದ ಗರಿಕೆಯನ್ನು ಚಾಪೆ ಚಾಪೆಯಾಗಿ ಕತ್ತರಿಸಿ, ಲಾರಿಯಲ್ಲಿ ಒಯ್ದು, ಇಲ್ಲಿದ್ದ ಸಾಲಿನಲ್ಲೇ ಅಲ್ಲಿ ಹಾಸಿದ್ದಿ. ಅದರಲ್ಲಿ ಒಂದೇ ಒಂದು ಉದ್ದನೆಯ ಪಟ್ಟಿ ಈ ಬೇಸಿಗೆಯೂ ಹಳದಿಯಾಗಿ ಸಾಯುತ್ತಿದೆ. ಬೇರಿನಲ್ಲಿ ಕಣ್ಣಿಗೆ ಕಾಣದ ಹುಳು, ನೆಮಟೋಡ್, ಎಂದು ಬರೆದಿದ್ದಿ. ನಾನು ಅದಕ್ಕೆ ನೆಮ್ಮದಿತೋಡ ಎಂದು ನಾಮಕರಣ ಮಾಡಿದ್ದೇನೆ. ಮಣ್ಣು ತೋಯಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹೊದಿಸಿ, ಐದು ವಾರ ಬಿಸಿಲಿನಲ್ಲಿ ಬೇಯಿಸಿದರೆ ಅದು ಸಾಯುತ್ತದೆಂದು ನೀನೇ ಕಲಿಸಿದ್ದೆ. ಎರಡು ವರ್ಷದ ಹಿಂದೆ, ಗರಿಕೆ ಹಚ್ಚುವ ಮೊದಲು ನಮ್ಮ ಹೊಲಕ್ಕೂ ಹಾಗೇ ಹೊದಿಸಿದಾಗ, ಅದರ ಕಾವಲು ನಮ್ಮ ಆಳು ಖಂಡೆಪ್ಪನದು. ಎಂಟು ದಿನ ಅವನು ಬರಲಿಲ್ಲ, ಅದಕ್ಕೇ ಕೆಟ್ಟಿತು ಎಂದು ಹೋದ ವರ್ಷ ನೀನು ಅವನನ್ನು ಕೆಲಸದಿಂದ ಬಿಡಿಸಿದೆ. ಇಪ್ಪತ್ತು ವರ್ಷ ನಮ್ಮಲ್ಲಿ ದುಡಿದವನು ಈಗ ಸಿಂದಗಿಯಲ್ಲಿ ಇಟ್ಟಿಗೆ ಹೊರುತ್ತಾನೆ. ಅವನ ಹೆಂಡತಿ ಕಸ್ತೂರೆವ್ವ ಮೊನ್ನೆ ಬಂದಿದ್ದಳು. ಕೂಡಲಿಲ್ಲ, ನೀರೂ ಮುಟ್ಟಲಿಲ್ಲ. "ನಮ್ಮವರು ಸುಳ್ಳ ಹೇಳೋರೇನ್ರಿ ರಾಯರ? ನೀವರೆ ಹೇಳ್ರಿ. ಝಳಕ್ಯಾಗ ಒಬ್ರೂ ಕೆಲಸಕ್ಕ ಕರಿಯವಲ್ರು" ಎಂದಳು. ಅವಳು ಹೋದಮೇಲೆ ನಿನ್ನ ಫೋಟೋ ಮತ್ತೆ ತೆಗೆದು ನೋಡಿದೆ.

ಆ ಪಟ್ಟಿಯ ಗುರುತು ನನಗೆ ಸಿಕ್ಕಿದೆ. ನೀನು ಬರೆದ ಅಳತೆಯನ್ನು ಮೊಳಕ್ಕೆ ತಿರುಗಿಸಿದೆ. ಹದಿನೆಂಟು ಮೊಳ. ಅದು ನಿನ್ನ ತಾಯಿಯ ಸೀರೆ. ಪ್ಲಾಸ್ಟಿಕ್ ಹೊದಿಸಿದ ಆ ಮೇ ತಿಂಗಳಲ್ಲಿ, ಕಾಯಿಲೆ ಬಿದ್ದಿದ್ದ ನನ್ನ ಇಂದೂ ಹಾಸಿಗೆ ಬಿಟ್ಟು ಎದ್ದದ್ದೇ ಸಂಡಿಗೆ ಹಾಕಲು. ಹೆದ್ದಾರಿಯ ಧೂಳು ಹತ್ತದ ನುಣ್ಣನೆಯ ಜಾಗ ಆ ಪ್ಲಾಸ್ಟಿಕ್ ಒಂದೇ. "ಬ್ಯಾಡ್ರಿ ಬಾಯಾರ, ನೆಳ್ಳ ಬಿದ್ದಲ್ಲಿ ಹುಳ ಸಾಯಂಗಿಲ್ಲ" ಎಂದು ಖಂಡೆಪ್ಪ ಅಡ್ಡ ನಿಂತ. "ಹುಳಕ್ಕ ನೆಳ್ಳ ಕೊಟ್ಟ ಪುಣ್ಯಾನರೆ ನನಗ ಬರ್ಲಿ ಬಿಡೋ" ಎಂದು ನಕ್ಕಳು. ಅವನಿಲ್ಲದ ಎಂಟು ದಿನ ಹಳೆಯ ಸೀರೆ ಹಾಸಿ ಸಂಡಿಗೆ ಒಣಗಿಸಿದಳು. ಆ ವರ್ಷದ ಉರಿಬಿಸಿಲೆಲ್ಲ ಆ ಎಂಟೇ ದಿನ. ಆಮೇಲೆ ಮೋಡ ಮುಸುಕಿತು. ಆಷಾಢದಲ್ಲಿ ಅವಳು ಹೋದಳು. ಈಗ ಹೊಲದಲ್ಲಿ ಪ್ಲಾಸ್ಟಿಕ್ ಇಲ್ಲ, ಆದರೂ ಮಟಮಟ ಮಧ್ಯಾಹ್ನ ಅದರ ಚರಚರ ಕೇಳುತ್ತದೆ. ಹೋಗಿ ನೋಡಿದರೆ ಬಗ್ಗಿ ಒಂದೊಂದೇ ಸಂಡಿಗೆ ಮಗುಚುತ್ತಿರುತ್ತಾಳೆ. ಕರೆದರೂ ಮುಖ ಎತ್ತುವುದಿಲ್ಲ. ನೀನು ಅಲ್ಲಿ ಔಷಧಿ ಹೊಡೆದ ದಿನ ಇಲ್ಲಿ ಕೆಮ್ಮುತ್ತಾಳೆ. ಇದು ಚೇಷ್ಟೆಯಲ್ಲಪ್ಪ.

ಔಷಧಿ ಸಾಕು. ಆ ಪಟ್ಟಿಯನ್ನು ಕಿತ್ತು, ಮಣ್ಣು ತೋಯಿಸಿ, ಈ ಮೇ ತಿಂಗಳು ಮತ್ತೆ ಪ್ಲಾಸ್ಟಿಕ್ ಹೊದಿಸು. ಹೊದಿಸುವ ಕೈ ಖಂಡೆಪ್ಪನದೇ ಆಗಲಿ. ನೀನೇ ಸಿಂದಗಿಗೆ ಬಂದು ಕರೆದುಕೊಂಡು ಹೋಗು.

ಮುಕ್ತಾಳಿಗೆ ನನ್ನ ಆಶೀರ್ವಾದ, ಜೊತೆಗೆ ಚಾಡಿ ಹೇಳಿದ್ದಕ್ಕೆ ಶಾಭಾಸ್.

ನಿನ್ನ ಅಪ್ಪ,
ಗೋವಿಂದರಾಯ

ತಾ. ಕ.: ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಅಂಚೆಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಹೋದ ವರ್ಷ ಖಂಡೆಪ್ಪ, "ನೀವು ಫೋನ್ ಮಾಡಿ ಎಂಟ ದಿನ ಸೂಟಿ ಕೊಟ್ಟೀರಿ ಅಂತ ರಾಯರು ಹೇಳಿದ್ರಿ" ಎಂದಾಗ ನೀನು ನನ್ನ ಕಡೆ ತಿರುಗಿದೆ. ನನಗೆ ಯಾವ ಫೋನೂ ಗೊತ್ತಿಲ್ಲ ಎಂದೆ. ನಿನ್ನ ತಾಯಿಯ ಕೊನೆಯ ಸಂಡಿಗೆಗೆ ಕೆಟ್ಟ ಹೆಸರು ಬರಬಾರದೆಂದು, ಅವನ ಮುಖ ನೋಡಿಕೊಂಡೇ ಅಂದೆ. ಫೋನ್ ಬಂದಿರಲಿಲ್ಲ ನಿಜ. ನಿನ್ನ ಹೆಸರು ಹೇಳಿ ಅವನನ್ನು ಕಳಿಸಿದವನು ನಾನು.