ಇನ್ನೂರ ಹನ್ನೊಂದು ಮಾತು

ಬಂದರಿನ ಗೋದಾಮು, ಸಾಲುಮನೆ, ಮೂರನೇ ಬಾಗಿಲು
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಎರಡೆರಡು ಪಾಳಿ ನಿಂತು ಕಾಲು ಊದಿಕೊಂಡಿದೆ ಅಂದಿದ್ದೆಯಲ್ಲ, ಇಳಿಯಿತೇ? ವಾರ್ಡಿನವರನ್ನೆಲ್ಲ ನೋಡಿಕೊಳ್ಳುವ ನರ್ಸಮ್ಮನಿಗೆ ತನ್ನ ಕಾಲು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು. ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿನ್ನ ಮಗಳು, ಆ ಚಿನಕುರಳಿ, ನನಗಿಂತ ಗಟ್ಟಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದ ಒಳ್ಳೆಯದು, ಮುಗಿಯುವವರೆಗೂ ಕೇಳಲೇಬೇಕು.

ಹೋದ ವಾರ ನೀನು, "ಅಪ್ಪ, ಮಗೂಗೆ ಐದು ವರ್ಷ ಆಯ್ತು, ಒಂದು ಭಾಷೆಯೂ ನೆಟ್ಟಗೆ ಬರಲ್ಲ. ಎಲ್ಲಾ ಕಲಬೆರಕೆ" ಅಂದೆ. ಮುಂದಿನ ತಿಂಗಳು ರಜೆ ಹಾಕಿ ಕರೆದುಕೊಂಡು ಹೋಗಿ ಮಾತಿನ ಡಾಕ್ಟರಿಗೆ ತೋರಿಸಿ ಹಾಸ್ಟೆಲ್ಲಿಗೆ ಸೇರಿಸುತ್ತೇನೆ ಅಂತಲೂ ಅಂದೆ. ನಾನು ಹೂಂ ಅಂದೆ. ಹೂಂ ಅಂದದ್ದು ನನ್ನ ತಪ್ಪು, ವಾಪಸ್ಸು ತೆಗೆದುಕೊಂಡಿದ್ದೇನೆ. ಆ ಕಲಬೆರಕೆಯನ್ನು ಬೆರೆಸಿದವರಲ್ಲಿ ಮೊದಲನೆಯವನು ನಿನ್ನ ಅಪ್ಪನೇ, ತಾಯಿ.

ನೀನು ಊರಲ್ಲಿ ಬೆಳೆದವಳು, ರಜೆಗೆ ಮಾತ್ರ ಇಲ್ಲಿಗೆ ಬರುತ್ತಿದ್ದೆ, ನಿನಗೆ ಇದೆಲ್ಲ ಗೊತ್ತಿಲ್ಲ. ನಾನು ಇಲ್ಲಿ ಮೇಸ್ತ್ರಿಯಾದಾಗ ನನ್ನ ಕೈಕೆಳಗೆ ನಲವತ್ತು ಜನ, ಆರು ಭಾಷೆ. ಮೊದಲ ತಿಂಗಳು ಬರೀ ಕೈಸನ್ನೆಯಲ್ಲಿ ಮೂಟೆ ಇಳಿಸಿದೆವು. ಒಂದನ್ನು ಒಬ್ಬನ ಕಾಲ ಮೇಲೆಯೇ ಇಳಿಸಿದೆವು. ಆಮೇಲೆ ನಾನು ಚೌಕಾಸಿಗೆ ಕೂತೆ. 'ಎತ್ತು' ನಮ್ಮದಿರಲಿ, 'ನಿಲ್ಲಿಸು' ಕ್ರೇನಿನವನದು, ಹಗ್ಗ ಸೂಜಿಗಳಿಗೆ ಗೋಣಿ ಹೊಲಿಯುವಾಕೆಯ ಮಾತು, ಬೈಗುಳ ಎಲ್ಲರದ್ದೂ. ಯಾರದ್ದನ್ನೂ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಮುಖ ಊದುತ್ತಿತ್ತು. ಒಮ್ಮೆ ಕೂತು ಎಣಿಸಿದೆ, ಇನ್ನೂರ ಹನ್ನೊಂದು ಮಾತು. ಅಷ್ಟರಲ್ಲೇ ಇಪ್ಪತ್ತು ವರ್ಷ ಹಡಗು ಖಾಲಿ ಮಾಡಿದೆವು. ಅಷ್ಟರಲ್ಲೇ ಮದುವೆಗಳೂ ಆದವು. ಗಂಡನ ಭಾಷೆ ಹೆಂಡತಿಗೆ ಬಾರದು, ಹೆಂಡತಿಯದು ಗಂಡನಿಗೆ ಬಾರದು. ಜಗಳ ಶುರುವಾದರೆ ಮಾತು ಸಾಲದೆ ಅರ್ಧಕ್ಕೇ ನಿಂತುಹೋಗುತ್ತಿತ್ತು. ಅಂಥ ಸುಖಸಂಸಾರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮನೆಗಳ ಮಕ್ಕಳು ತೊಟ್ಟಿಲಲ್ಲಿ ಕೇಳಿದ್ದೇ ಈ ಗೋದಾಮಿನ ಮಾತು. ಆದರೆ ನಾವು ಆಡಿದಷ್ಟಕ್ಕೇ ಅವರು ನಿಲ್ಲಲಿಲ್ಲ. ನಾವು 'ನಾನು ಹೋಗು ಮುಗಿ' ಅಂತ ಕೈ ತೊಳೆದುಕೊಂಡರೆ, ಅವರು ಹೋಗಿದ್ದೆ, ಹೋಗಬೇಕೆಂದಿದ್ದೆ, ಹೋಗಿದ್ದರೆ ಚೆನ್ನಾಗಿತ್ತು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳುತ್ತಾರೆ. ಯಾರು ಕಲಿಸಿದರೋ ದೇವರೇ ಬಲ್ಲ, ನಾನಂತೂ ಅಲ್ಲ. ಕತೆ ಕಟ್ಟುತ್ತಾರೆ, ಅಣಕಿಸುತ್ತಾರೆ, ಸೊಗಸಾಗಿ ಸುಳ್ಳು ಹೇಳುತ್ತಾರೆ. ನಮ್ಮ ಇನ್ನೂರ ಹನ್ನೊಂದರಲ್ಲಿ ಒಂದು ಒಳ್ಳೆಯ ಸುಳ್ಳಿಗೂ ಜಾಗವಿರಲಿಲ್ಲ. ಎರಡು ವರ್ಷದವಳನ್ನು ನೀನು ನನ್ನ ಮಡಿಲಿಗೆ ಹಾಕಿ ಹೋದೆ. ಇವತ್ತು ಆ ಮಕ್ಕಳ ದಂಡಿಗೆಲ್ಲ ಅವಳೇ ಯಜಮಾನಿ. ನಮ್ಮ ಮನೆಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಅವರ ಮಾತಿನಲ್ಲೇ.

ಪೆಟ್ಟಿಗೆ ಮಾಡುವ ಬಡಗಿ ನೆನಪಿದ್ದಾನಲ್ಲ? ಅವನ ಭಾಷೆ ಆಡುವವಳು ಇಲ್ಲಿ ಅವನ ಹೆಂಡತಿ ಒಬ್ಬಳೇ. ಹೋದ ತಿಂಗಳು ಆಕೆ ತೀರಿಕೊಂಡಳು. ನಾವೆಲ್ಲ ಹೋಗಿ ಅವನ ಜಗಲಿಯಲ್ಲಿ ಕೂತೆವು. ಊರೆಲ್ಲ ಬಾಯಿಬಡುಕ ಅನ್ನುವ ನನಗೆ ಹೇಳಲು ಸಿಕ್ಕಿದ್ದು "ಬಡಗಿ, ಊಟ ಮುಗಿ?" ಅಷ್ಟೇ. ಅವನು "ಮುಗಿ" ಅಂದ. ಉಂಡಿರಲಿಲ್ಲ. ನಾಲ್ಕು ದಿನ ಹಾಗೇ ಕೂತಿದ್ದ. ಐದನೇ ದಿನ ನಿನ್ನ ಮಗಳು ಹೋಗಿ ಮರದ ಹೊಟ್ಟಿನ ಮೇಲೆ ಅವನೆದುರು ಕೂತಳು. ಅವಳು ಅಂದದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಅಜ್ಜಿ ಬೈದು ಬೈದು ನಿಮ್ಮನ್ನ ಊಟಕ್ಕೆ ಎಬ್ಬಿಸ್ತಿದ್ರು. ಈಗ ಬೈಯೋರಿಲ್ಲ ಅಂತ ಉಣ್ತಾ ಇಲ್ಲ ನೀವು. ನಾನು ಬೈಲಾ?"

ಬಡಗಿ ನಕ್ಕ, ಆಮೇಲೆ ಅತ್ತ. ಎದ್ದು ಅವಳ ಬೆನ್ನಿಗೇ ನಮ್ಮ ಮನೆಗೆ ಬಂದು ಉಂಡ. ಅವತ್ತಿನಿಂದ ದಿನಾ ಬಂದು ಹೆಂಡತಿಯ ವಿಷಯ ಹೇಳುತ್ತಾನೆ. ಮಾತು ಸಿಗದೆ ತಡವರಿಸಿದರೆ ಇವಳು ಎತ್ತಿಕೊಡುತ್ತಾಳೆ. ಇಪ್ಪತ್ತು ವರ್ಷ ಅವನ ಜೊತೆ ಹೆಗಲು ಕೊಟ್ಟವನು ನಾನು. ಆಕೆ ಹಾಡುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೊಮ್ಮಗಳ ಪಕ್ಕ ಕೂತು ಕೇಳುತ್ತಾ ನನ್ನ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಎದೆ ಉಬ್ಬಿತು. ನಾವು ಹೊಟ್ಟೆಪಾಡಿಗೆ ಕಟ್ಟಿಕೊಂಡ ಮಾತು ಅವಳ ಬಾಯಲ್ಲಿ ಭಾಷೆಯಾಗಿದೆ. ಇದಕ್ಕೆ ಯಾವ ಡಾಕ್ಟರು ಯಾವ ಮದ್ದು ಕೊಟ್ಟಾನು?

ಶಾಲೆ ಬೇಡ ಅನ್ನುತ್ತಿಲ್ಲ. ನಮ್ಮ ಅಕ್ಷರಗಳನ್ನು ನಾನೇ ತಿದ್ದಿಸುತ್ತಿದ್ದೇನೆ, ಇಲ್ಲಿನ ಶಾಲೆಗೂ ಕೇಳಿದ್ದೇನೆ. ಭಾಷೆ ಇಲ್ಲದ ಮಗು ಅಂತ ಮಾತ್ರ ಇನ್ನೊಮ್ಮೆ ಅನ್ನಬೇಡ.

ಕ್ರೇನಿನವನು, ಗೋಣಿ ಹೊಲಿಯುವಾಕೆ, ಬಡಗಿ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲು ಎತ್ತರದಲ್ಲಿಟ್ಟು ಮಲಗು. ನೂರು ಕಾಲ ಚೆನ್ನಾಗಿರು.

ನಿನ್ನ ಅಪ್ಪ
(ಮಾಜಿ ಮೇಸ್ತ್ರಿ, ಸದ್ಯ ನಿನ್ನ ಮಗಳ ಕೈಕೆಳಗಿನ ಆಳು)

ಮತ್ತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟು ಆ ರಜೆಯಲ್ಲಿ ಇಲ್ಲಿಗೆ ಬಾ, ಒಂದು ತಿಂಗಳಾದರೂ ಇರು. ನಿನ್ನ ಮಗಳು ಪಕ್ಕದಲ್ಲೇ ನಿಂತು ತನ್ನದೂ ಬರೆಯಬೇಕು ಅನ್ನುತ್ತಿದ್ದಾಳೆ. ಅವಳು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಬರೆದರೆ ಇಷ್ಟು: "ಅಮ್ಮಾ, ಫೋನಲ್ಲಿ ನೀನು ಸುಮ್ನಾಗಿಬಿಡ್ತೀಯ. ನಿಂಗೆ ನಮ್ಮ ಮಾತು ಬರಲ್ವಂತೆ, ತಾತ ಹೇಳಿದ್ರು. ನಾಚ್ಕೋಬೇಡ. ಬಾ, ನಾನು ಕಲಿಸ್ತೀನಿ."